ಇಂಜಿನ್ ನಿಂತಿದೆ

ನಮ್ಮೂರಲ್ಲಿ ಯಾರಾದರೂ ತೀರಾ ಸಿಹಿಯಾಗಿ ಮಾತಾಡಿದರೆ ಕೇಳಿಸಿಕೊಂಡವರು ಒಂದೇ ಮಾತು ಹೇಳುತ್ತಾರೆ: “ಇಂಜಿನ್ ನಿಂತಿದೆ ಕಣಪ್ಪ.” ಸೊಸೆ ಬಂದಮೇಲೆ ಮನೆಗೆ ಲಕ್ಷ್ಮಿ ಬಂದ ಹಾಗಾಯಿತು ಎಂದು ಅತ್ತೆ ಹೇಳಿದರೂ ಅಷ್ಟೆ, ನಿಮ್ಮ ಮನೆ ಕಾಫಿ ಕುಡಿದು ಜನ್ಮ ಸಾರ್ಥಕವಾಯಿತು ಎಂದು ನೆಂಟರು ಹೇಳಿದರೂ ಅಷ್ಟೆ. ಹೊರಗಿನಿಂದ ಬಂದವರಿಗೆ ಇದು ತಲೆಗೆ ಹತ್ತುವುದಿಲ್ಲ. ಯಾವ ಇಂಜಿನ್ನು, ಯಾಕೆ ನಿಂತಿತು, ಮೆಕ್ಯಾನಿಕ್ಕನ್ನು ಕರೆಯಬೇಕೇ ಎಂದೆಲ್ಲ ವಿಚಾರಿಸುತ್ತಾರೆ. ಪಾಪ, ಒಳ್ಳೆಯ ಜನ.

ಇಂಜಿನ್ ಎಂದರೆ ವಿಮಾನದ ಇಂಜಿನ್. ಹತ್ತಿ ಕೂರುವ ವಿಮಾನವಲ್ಲ. ಕೈಯಲ್ಲಿ ರೇಡಿಯೊ ಪೆಟ್ಟಿಗೆ ಹಿಡಿದು ಅದರ ಕಡ್ಡಿಗಳನ್ನು ತಳ್ಳಿ ಎಳೆದು ಹಾರಿಸುವ ಆಟದ ವಿಮಾನ. ಆಟದ್ದು ಎಂದು ಬಾಯಿಮಾತಿಗೆ ಹೇಳಿದೆ, ರೆಕ್ಕೆ ಬಿಚ್ಚಿದರೆ ಒಂದು ಮಂಚದಷ್ಟು ಉದ್ದ. ಅದರ ಮೂತಿಯಲ್ಲಿ ತೆಂಗಿನಕಾಯಿಯಷ್ಟು ಗಾತ್ರದ ಪೆಟ್ರೋಲ್ ಇಂಜಿನ್ನು. ನಮ್ಮೂರಲ್ಲಿ ಮನೆಗೊಂದು ಇದೆ. ಬೇರೆ ಕಡೆ ಮದುವೆಯಲ್ಲಿ ಹೆಣ್ಣಿಗೆ ಬೀರು ಮಂಚ ಕೊಡುತ್ತಾರಂತೆ. ನಮ್ಮಲ್ಲಿ ವಿಮಾನ ಕೊಡುತ್ತಾರೆ. ಆ ಇಂಜಿನ್ನು ಓಡುತ್ತಿರುವಾಗ ಅದರ ಹತ್ತಿರ ನಿಂತವರ ನಾಲಿಗೆಗೆ ಸುಳ್ಳು ತಿರುಗುವುದಿಲ್ಲ. ಬಾಯಿ ತೆರೆದರೆ ನಿಜವೇ ಬರುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ಬೇವು ಯಾಕೆ ಕಹಿ ಎಂದು ನೀವು ಯಾರನ್ನು ಕೇಳಿದ್ದೀರಿ? ಸ್ಕೂಟರಿನ ಇಂಜಿನ್ನಿಗೆ ಈ ಗುಣವಿಲ್ಲ. ಇದ್ದಿದ್ದರೆ ಊರು ಎಂದೋ ಸ್ಮಶಾನವಾಗುತ್ತಿತ್ತು. ಯಾರೋ ಒಬ್ಬರು ಬ್ಯಾಟರಿಯ ವಿಮಾನ ತಂದು ನೋಡಿದರು. ಅದು ಸೊಳ್ಳೆಯ ಹಾಗೆ ಗುಂಯ್ ಎನ್ನುತ್ತಿತ್ತು, ಅದರ ಪಕ್ಕ ನಿಂತು ಎಲ್ಲರೂ ತಮ್ಮ ತಮ್ಮ ಮನೆಯ ಪಡಸಾಲೆಯಲ್ಲಿ ಹೇಳುವಷ್ಟೇ ಸಲೀಸಾಗಿ ಸುಳ್ಳು ಹೇಳಿದರು.

ಪುಣ್ಯಕ್ಕೆ, ಇಂಜಿನ್ನು ಓಡುವಾಗ ಅದರ ಅಬ್ಬರಕ್ಕೆ ಎದುರಿಗಿದ್ದವರು ಏನಂದರೂ ಕೇಳಿಸುತ್ತಿರಲಿಲ್ಲ. ದೇವರು ಬಲಗೈಲಿ ಕೊಟ್ಟ ಶಿಕ್ಷೆಗೆ ಎಡಗೈಲಿ ರಿಯಾಯಿತಿ ಇಟ್ಟಿದ್ದ. ನಮ್ಮೂರ ಸಂಸಾರಗಳೆಲ್ಲ ನಿಂತಿದ್ದದ್ದು ಈ ರಿಯಾಯಿತಿಯ ಮೇಲೆ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಗಂಡ ಹೆಂಡತಿ ವಿಮಾನ ಹೊತ್ತುಕೊಂಡು ಬಯಲಿಗೆ ಹೋಗುವುದು, ಇಂಜಿನ್ ಚಾಲೂ ಮಾಡಿ, ವಾರವೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಒಬ್ಬರ ಮುಖಕ್ಕೆ ಒಬ್ಬರು ಕಕ್ಕುವುದು, ಯಾರಿಗೂ ಏನೂ ಕೇಳಿಸದೆ ನಗುನಗುತ್ತಾ ಮನೆಗೆ ಬರುವುದು. ಇದಕ್ಕೆ ‘ಹಗುರಕ್ಕೆ ಹೋಗೋದು’ ಎನ್ನುತ್ತೇವೆ. ಹಾಗೆಂದು ಬಾಯಿಬಿಟ್ಟು ಒಪ್ಪಿಕೊಳ್ಳುತ್ತೇವೆಯೇ? ಉಂಟೇ! ಕೇಳಿದರೆ ‘ವಿಮಾನ ಹಾರಿಸೋದು ನಮ್ಮೂರ ಹವ್ಯಾಸ’ ಎನ್ನುತ್ತೇವೆ. ಊರಿನ ಅರ್ಧಕ್ಕರ್ಧ ವಿಮಾನಗಳು ಇದುವರೆಗೆ ನೆಲ ಬಿಟ್ಟು ಗೇಣುದ್ದ ಎದ್ದಿಲ್ಲ. ಹಾರುವುದು ಯಾರಿಗೆ ಬೇಕಿತ್ತು?

ಇದಕ್ಕೊಂದು ಮರ್ಯಾದೆಯೂ ಇದೆ. ಗಂಡ ಮುಂದೆ ನಿಂತು ಪಂಕ ತಿರುಗಿಸುತ್ತಾನೆ, ಹೆಂಡತಿ ಹಿಂದೆ ಮಂಡಿಯೂರಿ ವಿಮಾನದ ಬಾಲ ಹಿಡಿಯುತ್ತಾಳೆ. ಇಬ್ಬರೂ ಎದುರುಬದುರು. ಆಗ ಎದುರಿನವರ ಬಾಯಿ ನೋಡಬಾರದು, ಪಂಕ ನೋಡಬೇಕು. ಬಾಯಿ ನೋಡುವುದೆಂದರೆ ಸ್ನಾನದ ಮನೆಯ ಕಿಂಡಿಯಲ್ಲಿ ಇಣುಕಿದ ಹಾಗೆ. ನಾನು ಇಣುಕುತ್ತಿದ್ದೆ. ಅದರಿಂದಲೇ ಇಷ್ಟೆಲ್ಲ ಆಯಿತು.

ನನ್ನ ಹೆಸರು ವೇದಾವತಿ. ನಮ್ಮ ಮನೆಯವರು ಕಮಲಾಕ್ಷ. ಪೇಟೆಯ ಮೂಲೆಯಲ್ಲಿ ಇವರದೊಂದು ಅಂಗಡಿ. ಜನ ತಂದುಕೊಟ್ಟ ಸ್ಟೀಲು ಪಾತ್ರೆಗಳ ಮೇಲೆ ಕೈಮಿಷನ್ನಿನಿಂದ ಹೆಸರು ಹಾಕಿಕೊಡುತ್ತಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಯಾರ ಮನೆಯಲ್ಲಿ ಏನೇ ಆದರೂ ಉಡುಗೊರೆಯ ಪಾತ್ರೆ ಇವರ ಕೈಮೇಲೆ ಹಾಯ್ದೇ ಹೋಗಬೇಕು. ದಿನವಿಡೀ ಹೆಸರು ಬರೆದು ಬರೆದು ಮಾತು ಖರ್ಚಾಗಿಹೋಗಿದೆಯೋ ಏನೋ, ಮನೆಯಲ್ಲಿ ಇವರು ಆಡುವುದು ಎರಡೇ ಮಾತು. ಏನು ಹೇಳಿದರೂ “ಆಗ್ಲಿ ಬಿಡು.” ಏನು ಬಡಿಸಿದರೂ “ಚೆನ್ನಾಗಿದೆ.” ಮನೆ ಸೋರುತ್ತಿದೆ ರೀ ಎಂದರೆ ಆಗ್ಲಿ ಬಿಡು. ಸಾರಿಗೆ ಉಪ್ಪು ಹಾಕಲು ಮರೆತ ದಿನ ಚೆನ್ನಾಗಿದೆ. ಇಂಥ ಗಂಡನನ್ನು ಪಡೆಯಲು ಏಳು ಜನ್ಮದ ಪುಣ್ಯ ಬೇಕು ಎಂದು ನೆರೆಹೊರೆಯವರು ಹೇಳುತ್ತಾರೆ. ಗೋಡೆಯ ಜೊತೆ ಸಂಸಾರ ಮಾಡಲು ಪುಣ್ಯ ಯಾಕೆ, ಸುಣ್ಣ ಇದ್ದರೆ ಸಾಕಲ್ಲವೇ?

ಇವರ ಕೆಲಸದಲ್ಲಿ ತಪ್ಪು ಬರುವುದಿಲ್ಲ. ಒಂದೇ ಸಲ ಬಂದಿತ್ತು, ನಾನು ತವರಿಗೆ ಹೋಗಿದ್ದಾಗ. ಯಾರೋ ವೆಂಕಮ್ಮ ಎನ್ನುವವರು ದೊಡ್ಡದೊಂದು ಕೊಳಗ ಕೊಟ್ಟುಹೋಗಿದ್ದರು. ಅದರ ಮೇಲೆ ‘ಶ್ರೀಮತಿ ವೇ’ ಎಂದು ಕೊರೆದು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದರು. ವೆ ಬರೆಯುವಲ್ಲಿ ವೇ. ಸ್ಟೀಲಿನ ಮೇಲೆ ಕೊರೆದದ್ದನ್ನು ಅಳಿಸಲು ಬರುತ್ತದೆಯೇ? ಆ ಅಮ್ಮನಿಗೆ ಹೊಸ ಕೊಳಗ ತಂದುಕೊಟ್ಟು ಇದನ್ನು ಮನೆಗೆ ತಂದರು. “ಹ್ರಸ್ವ ದೀರ್ಘ ಗೊತ್ತಿಲ್ಲದ ಮಹಾ ಅಕ್ಷರವಂತರು,” ಎಂದು ನಾನು ಹಂಗಿಸಿದೆ. “ಆಗ್ಲಿ ಬಿಡು,” ಎಂದರು. ಅಂದಿನಿಂದ ಆ ಕೊಳಗದಲ್ಲೇ ನಾನು ಶನಿವಾರದ ಹಿಟ್ಟು ಹುದುಗಿಡುವುದು.

ಶನಿವಾರದ ಹಿಟ್ಟು ಭಾನುವಾರದ ಗುಳಿಯಪ್ಪಕ್ಕೆ. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಮಾಡಿದ್ದೆ. “ಚೆನ್ನಾಗಿದೆ,” ಎಂದರು. ಆಗಿನ್ನೂ ನನಗೆ ಇವರ ‘ಚೆನ್ನಾಗಿದೆ’ಯ ಬೆಲೆ ಗೊತ್ತಿರಲಿಲ್ಲ. ಮುಂದಿನ ವಾರವೂ ಮಾಡಿದೆ. ಆಮೇಲೆ ಅದು ವ್ರತವಾಗಿ ಕೂತಿತು. ನಮ್ಮ ಅತ್ತೆ ಇದ್ದಷ್ಟು ದಿನ, “ನಮ್ಮ ಮನೇಲಿ ಹಾಗನ್ನಲ್ಲಮ್ಮ, ಇದಕ್ಕೆ ಬೇರೆ ಹೆಸರಿದೆ,” ಎಂದು ತಿದ್ದುತ್ತಿದ್ದರು. ನಾನು ಎಲ್ಲ ಬಿಟ್ಟುಕೊಟ್ಟೆ, ನನ್ನ ತವರಿನ ಮಾತು ಬಿಟ್ಟುಕೊಡಲಿಲ್ಲ. ಗುಳಿಯಪ್ಪ ಎಂದರೆ ಗುಳಿಯಪ್ಪವೇ. ರುಬ್ಬುವ ಕಲ್ಲಿನ ಮುಂದೆ ಕೂತು ಕೂತು ನನ್ನ ಬಲತೋಳು ಒಂದು ದಿನ ಕಿತ್ತು ಕೈಗೆ ಬರುತ್ತದೆ ಅನ್ನಿಸುತ್ತಿತ್ತು. ಆದರೂ ಬೇಸರವಿಲ್ಲದೆ ಮಾಡುತ್ತಿದ್ದೆ, ಅಂದರೆ ಬೇಸರ ತೋರಿಸದೆ.

ಈಗ ಪದ್ದು ವಿಷಯಕ್ಕೆ ಬರುತ್ತೇನೆ. ಪದ್ಮಾವತಿ ನಮ್ಮ ದೊಡ್ಡಪ್ಪನ ಮಗಳು, ಮನೆಮಂದಿಗೆಲ್ಲ ಪದ್ದು. ಹಾಲಿನಂಥ ಬಣ್ಣ, ಹಾಡುತ್ತಾಳೆ ಬೇರೆ. ಇವರು ಮೊದಲು ಹೆಣ್ಣು ನೋಡಲು ಬಂದದ್ದು ಅವಳನ್ನು. ನೋಡಿದವರು ಕಣ್ಣು ಕೀಳದೆ ಕೂತಿದ್ದರಂತೆ. ಪದ್ದು ಮಾತ್ರ, “ಊರವರ ಹೆಸರು ಬರೆಯೋನಿಗೆ ತನ್ನದು ಅಂತ ಒಂದು ಹೆಸರು ಇರತ್ತಾ?” ಎಂದು ಒಲ್ಲೆ ಅಂದಳು. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಹೊರಟವರನ್ನು ಯಾರೋ ಹಿರಿಯರು ತಡೆದು, ಇದೇ ಬೀದಿಯಲ್ಲಿ ಇನ್ನೊಂದು ಹೆಣ್ಣಿದೆ ಎಂದರು. ಆ ಇನ್ನೊಂದು ಹೆಣ್ಣು ನಾನು. ಅದೇ ಎಲೆಯಡಿಕೆ ತಟ್ಟೆ, ಅದೇ ಬಾಳೆಹಣ್ಣು, ಅದೇ ಮಧ್ಯಾಹ್ನ. “ಒಪ್ಪಿಗೆಯಾ?” ಎಂದು ಇವರನ್ನು ಕೇಳಿದರೆ ಏನಂದಿರಬಹುದು ಹೇಳಿ? “ಆಗ್ಲಿ ಬಿಡಿ,” ಎಂದರು.

ಮದುವೆಯಾಗಿ ಮೊದಲ ಸಲ ಹಗುರಕ್ಕೆ ಹೋದಾಗಲೇ ನಾನು ಕದ್ದು ಇವರ ಬಾಯಿ ನೋಡಿದೆ. ಮನೆಯಲ್ಲಿ ಹೊಲಿದಿಟ್ಟ ಹಾಗಿದ್ದ ಆ ಬಾಯಿ ಅಲ್ಲಿ ಹೇಗೆ ಆಡುತ್ತಿತ್ತು ಅಂತೀರಿ! ಹೆಚ್ಚಿನ ಮಾತು ನನಗೆ ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು, ಯಾಕೆಂದರೆ ಅದು ಮತ್ತೆ ಮತ್ತೆ ಬರುತ್ತಿತ್ತು. ತುಟಿ ಎರಡೂ ಮುಚ್ಚಿ, ಪಟ್ಟನೆ ತೆರೆದು, ಕೊನೆಗೆ ಗುಂಡಗಾಗುವುದು. ಪ-ದ್ದು. ಪದ್ದು. ನನ್ನ ಎದೆಯಲ್ಲಿ ಯಾರೋ ಕೆಂಡ ಇಟ್ಟ ಹಾಗಾಯಿತು. ಎಲ್ಲ ಭಾನುವಾರವೂ ಅದೇ. ನಾನೇನು ಕಡಿಮೆ? ಬಾಲ ಹಿಡಿದುಕೊಂಡು ನಾನೂ ಕೂಗುತ್ತಿದ್ದೆ: “ಪದ್ದು ಬೇಕಿದ್ರೆ ಪದ್ದು ಹತ್ರಾನೇ ಹೋಗಿ! ಪದ್ದುಗೆ ಹೊತ್ತು ಹಾಕಿ ನಿಮ್ಮ ಪಾತ್ರೆ ಪಗಡಾನೆಲ್ಲ!” ಇಂಜಿನ್ ನಿಂತಮೇಲೆ ಇಬ್ಬರೂ ಕೈ ಒರೆಸಿಕೊಂಡು ಮನೆಗೆ ಬರುತ್ತಿದ್ದೆವು. ಹಗುರವಾಗಿಯೇ. ಇಷ್ಟು ವರ್ಷ ಹೀಗೇ ನಡೆಯಿತು, ಇನ್ನಷ್ಟು ವರ್ಷ ನಡೆಯುತ್ತಲೂ ಇತ್ತು, ಪುರಸಭೆಗೆ ಊರ ಉದ್ಧಾರದ ಯೋಚನೆ ಬರದೆ ಇದ್ದಿದ್ದರೆ.

ನಮ್ಮ ಪುರಸಭೆಯ ಅಧ್ಯಕ್ಷರು ತ್ರಿಯಂಬಕಯ್ಯ. ಭಾನುವಾರದ ಸದ್ದಿಗೆ ತಮ್ಮ ಹೆಂಡತಿ ಸರ್ವಮಂಗಳಮ್ಮನವರಿಗೆ ತಲೆನೋವು ಬರುತ್ತದೆಂದೂ, ನಾಗರಿಕ ಊರುಗಳಲ್ಲಿ ಎಲ್ಲ ಇಂಜಿನ್ನಿಗೂ ಸೈಲೆನ್ಸರ್ ಇರುತ್ತದೆಂದೂ, ನಮ್ಮವು ಮಾತ್ರ ಬೋಳು ಇಂಜಿನ್ನುಗಳೆಂದೂ ಅವರು ಸಭೆಯಲ್ಲಿ ಹೇಳಿದರು. ಒಗ್ಗರಣೆ ಡಬ್ಬಿಯಷ್ಟಿದ್ದ ಒಂದು ಸೈಲೆನ್ಸರನ್ನು ಎತ್ತಿ ತೋರಿಸಿದರು. ಇನ್ನು ಮುಂದೆ ಪ್ರತಿ ಇಂಜಿನ್ನಿಗೂ ಇದು ಕಡ್ಡಾಯ. “ಯಾರದಾದ್ರೂ ಆಕ್ಷೇಪಣೆ ಇದೆಯಾ?”

ಇಡೀ ಸಭೆ ಗಪ್‌ಚುಪ್. ಆಕ್ಷೇಪಿಸುವುದು ಎಂದರೇನು? ಎದ್ದು ನಿಂತು, “ಸ್ವಾಮಿ, ಸದ್ದಿಲ್ಲದಿದ್ದರೆ ನಾನು ನನ್ನ ಹೆಂಡತಿಗೆ ಅನ್ನೋದು ಅವಳಿಗೆ ಕೇಳಿಸಿಬಿಡುತ್ತದೆ,” ಎಂದು ಹೇಳುವುದು. ಹಾಗೆ ಹೇಳಿದವನ ಮನೆಯಲ್ಲಿ ಏನೋ ಇದೆ ಎಂದೇ ಅರ್ಥ. ನಮ್ಮ ಮನೆಯಲ್ಲಂತೂ ಏನೂ ಇಲ್ಲಪ್ಪ ಎಂದು ಪ್ರತಿಯೊಬ್ಬರೂ ಪಕ್ಕದವರಿಗಿಂತ ಮೊದಲು ಕೈ ಎತ್ತಿದರು. ನಾನೂ ಎತ್ತಿದೆ, ಅದೂ ನೋವಿದ್ದ ಬಲಗೈಯನ್ನು. ನಮ್ಮವರು ಎತ್ತುತ್ತಾ ಏನಂದರು ಎಂದು ಹೇಳುವ ಅಗತ್ಯವಿಲ್ಲ. ಒಬ್ಬರಾದರೂ ಆ ಸಭೆಯಲ್ಲಿ ಒಂದು ಇಂಜಿನ್ ಚಾಲೂ ಮಾಡಿದ್ದರೆ ಊರು ಉಳಿಯುತ್ತಿತ್ತು.

ಉದ್ಘಾಟನೆಯ ದಿನ ಬಯಲಿಗೆ ಶಾಮಿಯಾನ ಹಾಕಿದರು. ತ್ರಿಯಂಬಕಯ್ಯನವರ ವಿಮಾನಕ್ಕೆ ಹೂವಿನ ಹಾರ, ಇಂಜಿನ್ನಿಗೆ ಕುಂಕುಮ, ಸೈಲೆನ್ಸರಿಗೆ ಒಂದು ರಿಬ್ಬನ್ನು. ಸರ್ವಮಂಗಳಮ್ಮ ರೇಷ್ಮೆ ಸೀರೆಯುಟ್ಟು ಬಾಲ ಹಿಡಿದು ಕೂತರು. ಇಂಜಿನ್ ಚಾಲೂ ಆಯಿತು. ನಿಜ ಹೇಳಬೇಕು, ಸದ್ದೇ ಇಲ್ಲ. ಹುರಿಗಡಲೆ ಹುರಿದಷ್ಟು ಚಟಪಟ, ಅಷ್ಟೆ. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಜನ ಸೇರಿದ್ದು ಕಂಡರೆ ತ್ರಿಯಂಬಕಯ್ಯನವರಿಗೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ. ಓಡುವ ಇಂಜಿನ್ನಿನ ಪಕ್ಕ ನಿಂತೇ ಭಾಷಣಕ್ಕೆ ಬಾಯಿ ತೆರೆದರು. ‘ಮಾನ್ಯ ನಾಗರಿಕ ಬಂಧುಗಳೇ’ ಎಂದು ಶುರುಮಾಡಬೇಕು. ‘ಮಾ... ಮಾ...’ ಎಂದರು, ಮುಂದಕ್ಕೆ ಹೊರಡಲಿಲ್ಲ. ‘ಬಂ...’ ಎಂದರು, ಅದೂ ಹೊರಡಲಿಲ್ಲ. ಬೆವರು ಒರೆಸಿಕೊಂಡು ಕೊನೆಗೆ “ಇಲ್ಲಿ ಸೇರಿರೋರೇ,” ಎಂದರು. “ಈ ಯೋಜನೆಯನ್ನ ನಾನು ತಂದಿದ್ದು ಯಾಕಂದ್ರೆ, ನನ್ನ ಷಡ್ಡಕನ ತಗಡಿನ ವರ್ಕ್‌ಶಾಪು ಮುಳುಗೋಗ್ತಿತ್ತು. ಅವನು ಮುಳುಗಿದ್ರೆ ನಮ್ಮನೇಗೇ ಬಂದು ಕೂರ್ತಿದ್ದ.”

ಆಗ ಬಾಲದ ಕಡೆಯಿಂದ ಸರ್ವಮಂಗಳಮ್ಮ ಮೆಲ್ಲಗೆ, ಆದರೆ ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದರು: “ನನಗೆ ತಲೆನೋವು ಇಂಜಿನ್ನಿಂದ ಬರ್ತಿರ್ಲಿಲ್ಲ. ಇವರಿಂದ ಬರ್ತಿತ್ತು.” ಮುಂದಿನ ಸಾಲಿನಲ್ಲಿ ಯಾರೋ “ಅಯ್ಯೋ, ಇದು ಊರಿಗೆಲ್ಲ ಗೊತ್ತಿರೋದೇ,” ಎಂದುಬಿಟ್ಟರು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಅಷ್ಟು ಹೊತ್ತಿಗೆ ಎಲ್ಲರಿಗೂ ವಿಷಯ ತಲೆಗೆ ಹೋಗಿತ್ತು. ಗಂಡಂದಿರು, ಹೆಂಡತಿಯರು, ಪುರೋಹಿತರು, ಸಮಸ್ತರೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹಿಂದಕ್ಕೆ ಸರಿದರು. ಊರಿಗೆ ಊರೇ ಮೌನಾಚರಣೆ ಮಾಡಿದ್ದು ಅದೊಂದೇ ಸಲ.

ಮಾರನೆಯ ದಿನದಿಂದ ಒಂದು ಪವಾಡ ನಡೆಯಿತು. ಊರಿನ ಎಲ್ಲ ಇಂಜಿನ್ನುಗಳ ಕಾರ್ಬೊರೇಟರೂ ಒಟ್ಟಿಗೆ ಕೆಟ್ಟುಹೋಯಿತು. ಯಾರನ್ನು ಕೇಳಿದರೂ “ಕಾರ್ಬೊರೇಟರ್ ಕೆಟ್ಟಿದೆ, ರಿಪೇರಿಗೆ ಕೊಡಬೇಕು.” ಸೈಲೆನ್ಸರ್ ಬಿಚ್ಚಿ ಹಾಕಿದರಾಯಿತಲ್ಲ ಅನ್ನಬಹುದು ನೀವು. ಬಿಚ್ಚಿದವನ ಮನೆಯಲ್ಲಿ ಏನೋ ಇದೆ ಎಂದಾಗುವುದಿಲ್ಲವೇ? ಹೀಗಾಗಿ ವಿಮಾನಗಳೆಲ್ಲ ಅಟ್ಟ ಸೇರಿದವು, ಮಾತುಗಳೆಲ್ಲ ಹೊಟ್ಟೆ ಸೇರಿದವು. ವಾರಗಳು ಕಳೆದ ಹಾಗೆ ಮೆಡಿಕಲ್ ಸ್ಟೋರಿನಲ್ಲಿ ಗ್ಯಾಸಿನ ಗುಳಿಗೆ ಸಿಗುವುದು ಕಷ್ಟವಾಯಿತು. ಅನ್ಯೋನ್ಯಕ್ಕೆ ಹೆಸರಾಗಿದ್ದ ಸಂಸಾರಗಳಲ್ಲಿ ಹುಳಿಗೆ ಬದನೆಕಾಯಿ ಉದ್ದಕ್ಕೆ ಹೆಚ್ಚಬೇಕೋ ಅಡ್ಡಕ್ಕೆ ಹೆಚ್ಚಬೇಕೋ ಎಂದು ಕುರುಕ್ಷೇತ್ರ.

ನಮ್ಮ ಮನೆಯಲ್ಲಿ ಕುರುಕ್ಷೇತ್ರವೂ ಇರಲಿಲ್ಲ. ಇವರು ಆಗ್ಲಿ ಬಿಡು ಅನ್ನುವುದನ್ನೂ ಕಡಿಮೆ ಮಾಡಿದರು. ಊಟಕ್ಕೆ ಕೂತು ತಟ್ಟೆಯನ್ನೇ ನೋಡುವುದು, ಬಾಯಿ ತೆರೆಯುವುದು, ಮುಚ್ಚುವುದು. ಆ ಮುಚ್ಚಿದ ತುಟಿ ನೋಡಿದರೆ ನನಗೆ ಕಾಣುತ್ತಿದ್ದದ್ದು ಪದ್ದುವಿನ ಹೆಸರಿನ ಮೊದಲಕ್ಷರ. ಇಷ್ಟು ವರ್ಷ ಅದು ತುಟಿಯ ಮೇಲಿತ್ತು, ಇನ್ನೇನು ಕಿವಿಗೆ ಬೀಳುತ್ತದೆ. ತುಟಿಯಲ್ಲಿ ಕಂಡದ್ದನ್ನು ಇಲ್ಲವೆಂದುಕೊಂಡು ಬದುಕಬಹುದು, ಬದುಕಿದ್ದೆ ಕೂಡ. ಕಿವಿಯಾರೆ ಕೇಳಿದ ಮೇಲೆ ಆ ಮನೆಯಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಇರುವುದು? ತವರಿಗೆ ಹೋಗಬೇಕು. ಹೋದರೆ ಅದೇ ಬೀದಿಯಲ್ಲಿ ಪದ್ದುವಿನ ಅಪ್ಪನ ಮನೆ. ನಗಬೇಡಿ, ನನಗೆ ನಿಜವಾಗಿಯೂ ಭಯವಾಗಿತ್ತು.

ಒಂದು ಭಾನುವಾರ ಎಂದಿನಂತೆ ಗುಳಿಯಪ್ಪ ಬಡಿಸಿದೆ. ಇವರು ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದರು, ಅಗಿದರು, ನೀರು ಕುಡಿದು ನುಂಗಿದರು. ಕಣ್ಣಲ್ಲಿ ನೀರು. “ಚೆನ್ನಾಗಿದೆ,” ಎಂದರು. ಆ ಕಣ್ಣೀರು ಯಾರಿಗಾಗಿ ಎಂದು ನನಗೆ ಗೊತ್ತಿತ್ತಲ್ಲ! ಸಾಕಾಗಿಹೋಯಿತು. ದಿನಾ ಹೆದರಿ ಸಾಯುವುದಕ್ಕಿಂತ ಒಂದು ದಿನ ಕೇಳಿ ಅಳುವುದೇ ಮೇಲು ಎನ್ನಿಸಿತು.

“ಏಳಿ. ವಿಮಾನ ಇಳಿಸಿ,” ಎಂದೆ.

“ಕಾರ್ಬೊರೇಟರ್ ಸ್ವಲ್ಪ...”

“ಕಾರ್ಬೊರೇಟರ್ ಚೆನ್ನಾಗಿದೆ. ನಾನು ನೋಡಿದೀನಿ.”

ಕಾರ್ಬೊರೇಟರು ಹೇಗಿರುತ್ತದೆ ಎಂದು ಆಗಲೂ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಇವರು ನನ್ನ ಮುಖ ನೋಡಿದರು. ತುತ್ತು ಅರ್ಧಕ್ಕೆ ಬಿಟ್ಟು ಎದ್ದರು.

ಬಯಲಿನಲ್ಲಿ ನರಪಿಳ್ಳೆ ಇರಲಿಲ್ಲ. ಒಂದು ಹಸು ಮೇಯುತ್ತಿತ್ತು, ಅದಕ್ಕೆ ಮುಚ್ಚಿಡುವಂಥದ್ದು ಏನೂ ಇದ್ದ ಹಾಗೆ ಕಾಣಲಿಲ್ಲ. ಇವರು ಪೆಟ್ರೋಲಿಗೆ ಅಳತೆಯ ಆಯಿಲ್ ಬೆರೆಸಿ, ಡಬ್ಬ ಅಲ್ಲಾಡಿಸಿ, ಟ್ಯಾಂಕಿಗೆ ಹಾಕಿದರು. ಎಂದಿನಂತೆ ತುಂಬ ಹಾಕಲಿಲ್ಲ, ತಳ ಮುಚ್ಚುವಷ್ಟು ಹಾಕಿದರು. ಅದನ್ನೂ ನಾನು ಗಮನಿಸಿದೆ. ಚೋಕ್ ಎಳೆದು ಪಂಕ ತಿರುಗಿಸಿದರು. ಇಂಜಿನ್ನು ಒಂದು ಸಲ ‘ಫಟ್’ ಎಂದು ಸೀನಿತು. ಚೋಕ್ ಬಿಟ್ಟು ಮತ್ತೆ ತಿರುಗಿಸಿದಾಗ ಹತ್ತಿಕೊಂಡಿತು. ಸೈಲೆನ್ಸರ್ ಹಾಕಿದ ಮೇಲೆ ಹಳೆಯ ಹದ ಕೆಟ್ಟಿತ್ತು. ಒಮ್ಮೆ ಏರುವುದು, ಒಮ್ಮೆ ಗೊರಗುಟ್ಟುವುದು. ಇವರು ಸಣ್ಣ ಸ್ಕ್ರೂಡ್ರೈವರಿನಿಂದ ಪೆ‌ಟ್ರೋಲಿನ ತಿರುಪನ್ನು ಒಂದಿಷ್ಟು ಆಚೆ ಒಂದಿಷ್ಟು ಈಚೆ ತಿರುವುತ್ತಾ ತಲೆ ಎತ್ತಲೇ ಇಲ್ಲ. ಕೊನೆಗೆ ಇಂಜಿನ್ನು ಒಂದೇ ಸಮನೆ ಚಟಪಟ ಎನ್ನತೊಡಗಿತು. ಇನ್ನು ತಿರುವಲು ಏನೂ ಉಳಿದಿರಲಿಲ್ಲ.

“ಹೇಳಿ,” ಎಂದೆ. ನನ್ನ ದನಿ ನನಗೇ ಅಷ್ಟು ಸ್ಪಷ್ಟವಾಗಿ ಕೇಳಿ ಗಾಬರಿಯಾಯಿತು. “ಪ್ರತಿ ವಾರ ಹೇಳ್ತೀರಲ್ಲ. ಅದನ್ನೇ ಹೇಳಿ.”

ಇವರು ತಲೆಯಾಡಿಸಿದರು. ತುಟಿ ಬಿಗಿದುಕೊಂಡರು. ಮುಖ ಕೆಂಪಾಯಿತು, ಕತ್ತಿನ ನರ ಎದ್ದಿತು. ಆಮೇಲೆ ಹಾಲು ಉಕ್ಕಿದ ಹಾಗೆ ಬಂತು.

“ಪ...” ಎಂದದ್ದೇ ನಾನು ಬಾಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. “ಪಡ್ಡು ಬೇಡ ಕಣೇ!”

“ಏನಂದ್ರಿ?”

“ಪಡ್ಡು! ನೀನು ಗುಳಿಯಪ್ಪ ಅಂತೀಯಲ್ಲ, ಅದು. ಕಲ್ಲು ಕಣೇ ಅದು, ಕಲ್ಲು! ಶನಿವಾರ ನೀನು ರುಬ್ಬೋಕೆ ಕೂತ್ರೆ ನನ್ನ ದವಡೆ ನಡುಗತ್ತೆ. ದಿಂಡುಗಲ್ಲಿನ ಹಾಗಿರೋ ಪಡ್ಡು ಬೇಡ, ಬೇಡ ಅಂತ ವಾರ ವಾರ ಬಡ್ಕೋತಿದೀನಿ ಇಲ್ಲಿ ನಿಂತು!”

ನನಗೆ ಭೂಮಿ ಎಲ್ಲಿದೆ ಆಕಾಶ ಎಲ್ಲಿದೆ ತಿಳಿಯಲಿಲ್ಲ. ಪದ್ದು ಅಲ್ಲ, ಪಡ್ಡು! ದ ಎಂದರೂ ಡ ಎಂದರೂ ತುಟಿಗೆ ಒಂದೇ; ವ್ಯತ್ಯಾಸವೆಲ್ಲ ಒಳಗಡೆ ನಾಲಿಗೆಯದು. ಅತ್ತೆಯ ಮನೆಯ ಮಾತನ್ನು ನನ್ನ ಬಾಯಿಗೆ ಸೇರಿಸದೆ ಇದ್ದದ್ದಕ್ಕೆ ಇಷ್ಟು ವರ್ಷ ನಾನು ಸುಟ್ಟುಕೊಂಡಿದ್ದೆ.

“ಬೇಡ ಅಂತ ಮನೇಲಿ ಒಂದ್ ಮಾತು ಹೇಳೋಕೆ ನಿಮಗೇನಾಗಿತ್ತು ರೀ?”

“ಹೇಗೆ ಹೇಳ್ಲಿ? ನೀನೂ ಇಲ್ಲಿ ಪಡ್ಡು ಪಡ್ಡು ಅಂತಿದ್ದೆಯಲ್ಲ! ನಾನು ಕದ್ದು ನೋಡ್ತಿದ್ದೆ ನಿನ್ನ ಬಾಯಿನ. ಮನೇಲಿ ಗುಳಿಯಪ್ಪ ಅನ್ನೋಳು ಇಂಜಿನ್ ಮುಂದೆ ನಮ್ಮನೆ ಮಾತಾಡ್ತಾಳಲ್ಲ, ಅದರ ಮೇಲೆ ಇವಳಿಗೆ ಜೀವವೇ ಇದೆ ಅಂದ್ಕೊಂಡೆ. ಅಷ್ಟು ಆಸೆಯಿಂದ ಮಾಡೋಳಿಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

“ನಾನು ಪಡ್ಡು ಅನ್ಲಿಲ್ಲ! ಪದ್ದು ಅಂದೆ! ಪದ್ದು ಬೇಕಿದ್ರೆ ಅವಳ ಹತ್ರಾನೇ ಹೋಗಿ ಅಂದೆ!”

“ಯಾವ ಪದ್ದು?”

ಇಂಜಿನ್ನು ಓಡುತ್ತಿತ್ತು. ಓಡುವ ಇಂಜಿನ್ನಿನ ಮುಂದೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೇಳಲಿಕ್ಕೆ ಆಗುವುದಿಲ್ಲ. “ಪದ್ಮಾವತಿ. ನಮ್ಮ ದೊಡ್ಡಪ್ಪನ ಮಗಳು,” ಎಂದೆ.

“ಓ, ಆ ಹುಡುಗಿ! ಪದ್ದು ಅಂತೀರಾ ಅವಳನ್ನ?”

“ನೆನಪಾಗ್ತಾಳಾ?” ಕೇಳಬಾರದಿತ್ತು. ಕೇಳಿಬಿಟ್ಟೆ.

“ಅಪರೂಪಕ್ಕೆ ಆಗ್ತಾಳೆ. ಪಾತ್ರೆ ಮೇಲೆ ಪದ್ಮಾವತಿ ಅಂತ ಹೆಸರು ಹಾಕೋಕೆ ಬಂದಾಗ.” ಆಮೇಲೆ ತಾವಾಗಿಯೇ ಸೇರಿಸಿದರು: “ಅವಳನ್ನ ನೋಡೋಕೆ ಹೋದಾಗ ಅವರ ಮನೇಲೂ ಪಡ್ಡೇ ಕೊಟ್ರು. ಅದೂ ಕಲ್ಲು. ನಿಮ್ಮ ವಂಶದಲ್ಲೇ ಯಾರಿಗೂ ಪಡ್ಡು ಮಾಡೋಕೆ ಬರಲ್ಲ.”

ನಗು ಬರುತ್ತಿತ್ತು, ಆದರೆ ನಗುವ ಹಾಗಿರಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿ ಕೂತದ್ದು ಈಗ ಏಳದಿದ್ದರೆ ಮತ್ತೆ ಯಾವಾಗ? “ಅವಳನ್ನೇ ಮದುವೆಯಾಗಿದ್ರೆ ಚೆನ್ನಾಗಿರ್ತಿತ್ತು ಅನ್ಸತ್ತಾ?”

ಇವರು ಪಂಕ ನೋಡಿದರು. “ಮೊದಮೊದಲು ಅನ್ಸೋದು,” ಎಂದರು.

ಕೇಳಿದವಳು ನಾನೇ. ನಿಜ ಬೇಕು ಅಂದವಳೂ ನಾನೇ. ಬಾಲ ಹಿಡಿದ ಕೈ ಸಡಿಲವಾಯಿತು, ವಿಮಾನ ಒಂದು ಗೇಣು ಮುಂದಕ್ಕೆ ಹಾರಿ ಇವರ ಮೊಣಕಾಲಿಗೆ ಬಡಿಯುವುದರಲ್ಲಿತ್ತು, ಹಾಗೇ ಎಳೆದು ಹಿಡಿದೆ. “ಈಗ?” ಎಂದೆ.

ಇವರು ಬಾಯಿ ತೆರೆದರು. ಅಷ್ಟರಲ್ಲಿ ಇಂಜಿನ್ನು ಇದ್ದಕ್ಕಿದ್ದ ಹಾಗೆ ಜೋರಾಗಿ ಏರಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಮುಗಿಯುವ ಮುಂಚೆ ಅದು ಹಾಗೆ ಏರುತ್ತದೆ, ಆರುವ ದೀಪ ಉರಿದ ಹಾಗೆ. ಏರಿ, ಕೆಮ್ಮಿ, ನಿಂತುಹೋಯಿತು. ಬಯಲಿನಲ್ಲಿ ಹಸು ಹುಲ್ಲು ಕೀಳುವ ಸದ್ದು ಕೇಳಿಸಿತು.

“ಈಗ ಇಲ್ಲ ಕಣೇ,” ಎಂದರು ಇವರು. “ಈಗ ನೀನೇ.”

ಕಣ್ಣೀರು ಬಂದಿತ್ತು, ಆದರೂ ನಾನು ಈ ಊರಿನವಳು. “ಇಂಜಿನ್ ನಿಂತಿದೆ,” ಎಂದೆ.

ಆಗ್ಲಿ ಬಿಡು ಅನ್ನುತ್ತಾರೆ ಎಂದುಕೊಂಡೆ. ಮೊಣಕಾಲಿನ ಧೂಳು ಕೊಡವಿಕೊಂಡು ವಿಮಾನ ಹೆಗಲಿಗೆ ಹಾಕಿಕೊಳ್ಳುತ್ತಾರೆ, ಮನೆಗೆ ಹೋಗಿ ಉಳಿದ ಗುಳಿಯಪ್ಪ ನುಂಗುತ್ತಾರೆ. ಇವರು ಹಾಗೇನೂ ಮಾಡಲಿಲ್ಲ. ಹೋಗಿ ಪೆಟ್ರೋಲ್ ಡಬ್ಬ ತಂದರು. ಈ ಸಲ ತಳ ಮುಚ್ಚುವಷ್ಟು ಹಾಕಲಿಲ್ಲ. ಟ್ಯಾಂಕಿನ ಬಾಯಿಂದ ಚೆಲ್ಲಿ ಅಂಗಿಯ ತೋಳು ನೆನೆಯುವವರೆಗೆ ಹಾಕಿದರು. ಚೋಕ್ ಎಳೆದರು. ಬಿಸಿ ಇಂಜಿನ್ನಿಗೆ ಚೋಕ್ ಎಳೆಯುತ್ತಾರೆಯೇ? ಪೆಟ್ರೋಲ್ ಕುಡಿದು ಕೂತುಬಿಟ್ಟಿತು. ತಿರುಗಿಸಿದರು, ಹತ್ತಲಿಲ್ಲ. ಪ್ಲಗ್ ಬಿಚ್ಚಿ ಪಂಚೆಯ ತುದಿಯಿಂದ ಒರೆಸಿ ಮತ್ತೆ ಹಾಕಿದರು. ತಿರುಗಿಸಿದರು, ತಿರುಗಿಸಿದರು. ಬೆವರು ಇಳಿಯುತ್ತಿತ್ತು. ಸುಳ್ಳು ಹೇಳಬೇಕೆಂದಿರುವವನು ಇಷ್ಟು ಬೆವರು ಸುರಿಸುತ್ತಾನೆಯೇ ಎಂದು ನಾನು ಬಾಲ ಹಿಡಿದುಕೊಂಡು ಯೋಚಿಸಿದೆ. ಇನ್ನು ಹತ್ತದಿದ್ದರೂ ನಡೆಯುತ್ತದೆ ಅನ್ನಿಸುವ ಹೊತ್ತಿಗೆ ಹತ್ತಿತು.

“ಈಗ ಅನ್ಸಲ್ಲ,” ಎಂದರು ಇವರು, ಉಸಿರು ಬಿಡುತ್ತಾ. “ನೀನು ತವರಿಗೆ ಹೋದ್ರೆ ನನಗೆ ಕೈ ಆಡಲ್ಲ ಕಣೇ. ವೆಂಕಮ್ಮನ ಕೊಳಗ ಇದೆಯಲ್ಲ, ಅದರಲ್ಲಿ ದೀರ್ಘ ತಪ್ಪಿದ್ದಲ್ಲ. ಯೋಚನೆ ನಿನ್ನ ಕಡೆ ಇತ್ತು, ಕೈ ನಿನ್ನ ಹೆಸರು ಬರೀತಾ ಹೋಯ್ತು. ದಾ ಬರೆಯೋ ಹೊತ್ತಿಗೆ ಎಚ್ಚರ ಆಯ್ತು.”

ಶ್ರೀಮತಿ ವೇ. ಅಷ್ಟು ವರ್ಷದಿಂದ ಅದರಲ್ಲೇ ಹಿಟ್ಟು ಹುದುಗಿಡುತ್ತಿದ್ದೇನೆ. ವಾರಕ್ಕೊಂದು ಸಲ ಬೂದಿ ಹಾಕಿ ಉಜ್ಜುತ್ತೇನೆ, ಆ ಅಕ್ಷರಗಳ ಸಂದಿಯಲ್ಲಿ ಹಿಟ್ಟು ಕೂರುತ್ತದೆಂದು ಬೈದುಕೊಂಡು. ಅಳು ಬಂತು, ತಡೆಯಲಿಲ್ಲ. ಏನಾದರೂ ಒಂದು ಒಳ್ಳೆಯ ಮಾತು ಹೇಳೋಣವೆಂದು ಬಾಯಿ ತೆರೆದರೆ ಇಂಜಿನ್ನು ಬಿಡಬೇಕಲ್ಲ! “ನನಗೂ ಗುಳಿಯಪ್ಪ ಮಾಡಿ ಮಾಡಿ ಸಾಕಾಗಿದೆ ರೀ,” ಎಂದೆ. “ತೋಳು ಬಿದ್ದೋಗಿದೆ. ತಿನ್ನೋಕೂ ನನಗೆ ಇಷ್ಟ ಇಲ್ಲ.”

ಇವರು ನಕ್ಕರು. ಇವರ ಬಾಯಲ್ಲಿ ಅಷ್ಟು ಹಲ್ಲುಗಳಿವೆ, ನನ್ನ ಗುಳಿಯಪ್ಪ ತಿಂದೂ ಉಳಿದಿವೆ ಎಂದು ನನಗೆ ಗೊತ್ತಾದದ್ದು ಅವತ್ತೇ. “ಬಾಲ ಬಿಡು,” ಎಂದರು. ಬಿಟ್ಟೆ. ಟ್ಯಾಂಕು ತುಂಬಿದ ವಿಮಾನ ಬಯಲುದ್ದಕ್ಕೂ ಕುಪ್ಪಳಿಸಿಕೊಂಡು ಓಡಿ, ಹಸುವನ್ನು ಹೆದರಿಸಿ, ಮೇಲಕ್ಕೆದ್ದಿತು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ವಿಮಾನ ಹಾರುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಖಾತ್ರಿ ಇರಲಿಲ್ಲ.

ಊರಿನ ಮಿಕ್ಕ ಕಾರ್ಬೊರೇಟರುಗಳು ಇನ್ನೂ ಕೆಟ್ಟೇ ಇವೆ. ತ್ರಿಯಂಬಕಯ್ಯನವರ ಷಡ್ಡಕ ಕೊನೆಗೂ ಅವರ ಮನೆಗೇ ಬಂದು ಕೂತಿದ್ದಾನೆಂದು ಸುದ್ದಿ. ನೀವು ಮತ್ತೆ ಹಗುರಕ್ಕೆ ಹೋದಿರಂತಲ್ಲ, ಏನು ಮಾತಾಡಿದಿರಿ ಎಂದು ನೆರೆಹೊರೆಯವರು ಬಂದು ಕೇಳಿದರು. “ತಿಂಡಿ ವಿಷಯ,” ಎಂದೆ. ಯಾರೂ ನಂಬಲಿಲ್ಲ.

ಮುಂದಿನ ಭಾನುವಾರ ಗುಳಿಯಪ್ಪದ ಬಾಣಲೆಯನ್ನು ಅಟ್ಟಕ್ಕೆ ಏರಿಸಿ ಉಪ್ಪಿಟ್ಟು ಮಾಡಿದೆ. ಇವರು ಒಂದು ಚಮಚ ಬಾಯಿಗಿಟ್ಟುಕೊಂಡು, “ಚೆ...” ಎಂದು ಶುರುಮಾಡಿದರು. ನಾನು ಮೂಲೆಯಲ್ಲಿದ್ದ ವಿಮಾನದ ಕಡೆ ನೋಡಿದೆ. ಇವರೂ ನೋಡಿದರು. ಅದು ತಣ್ಣಗೆ ಗೋಡೆಗೊರಗಿ ನಿಂತಿತ್ತು.

“ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಕಣೇ,” ಎಂದರು.

ನಾನೂ ಒಂದು ಚಮಚ ತಿಂದು ನೋಡಿದೆ. ಉಪ್ಪಿನ ಡಬ್ಬವನ್ನೇ ಕವುಚಿದ ಹಾಗಿತ್ತು.

“ಸರಿಯಾಗೇ ಇದೆಯಲ್ಲ ರೀ,” ಎಂದೆ. ಇಂಜಿನ್ ನಿಂತಿತ್ತಲ್ಲ.